ಕಣ ವೇಗವರ್ಧಕದಿಂದ ಭೂಮಿ ನಡುಗುತ್ತದೆಯೇ? ನಿಜಕ್ಕೂ ನಡುಗುವುದು ಯಂತ್ರವೇ, ಅದೂ ತನ್ನದೇ ನೀರಿನಿಂದ!

"ನೆಲದಡಿಯ ದೊಡ್ಡ ಕಣ ವೇಗವರ್ಧಕಗಳು ಭೂಕಂಪ ತರುತ್ತವೆ" ಎಂಬಂಥ ಸಂದೇಶಗಳು ಆಗಾಗ ವಾಟ್ಸಾಪ್‌ನಲ್ಲಿ ಹರಿದಾಡುತ್ತವೆ. ಇದು ನಿಜವಲ್ಲ. ವಾಸ್ತವ ಇದಕ್ಕೆ ತದ್ವಿರುದ್ಧ. ನಡುಕವೆಂದರೆ ಈ ಯಂತ್ರಗಳಿಗೇ ಆಗದು. ತಮ್ಮನ್ನು ತಂಪಾಗಿಡುವ ನೀರು ಹರಿದರೂ ಅವು ಅಲುಗುತ್ತವೆ. ಹೇಗೆಂದು ನೋಡೋಣ.

ಯಂತ್ರಕ್ಕೆ ನೀರು ಏಕೆ?

ಎಲೆಕ್ಟ್ರಾನ್‌ನಂತಹ ಕಣಗಳನ್ನು ಬೆಳಕಿನ ವೇಗದ ಸಮೀಪಕ್ಕೆ ಒಯ್ಯುವ ಯಂತ್ರವೇ ಕಣ ವೇಗವರ್ಧಕ. ಹಲವು ವೇಗವರ್ಧಕಗಳಲ್ಲಿ ತಾಮ್ರದ ಕೊಳವೆಯೊಳಗೆ ಮೈಕ್ರೋವೇವ್ ಹಾಯಿಸಿ ಕಣಗಳನ್ನು ಮುಂದಕ್ಕೆ ತಳ್ಳುತ್ತಾರೆ. ಆಗ ತಾಮ್ರ ಬಿಸಿಯಾಗುತ್ತದೆ. 1 ಮೀಟರ್ ಉದ್ದದ ತಾಮ್ರ 1 ಡಿಗ್ರಿ ಸೆಲ್ಸಿಯಸ್ ಕಾದರೆ ಸುಮಾರು 17 ಮೈಕ್ರೋಮೀಟರ್ ಹಿಗ್ಗುತ್ತದೆ. ಮೈಕ್ರೋಮೀಟರ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. ಇಷ್ಟು ಹಿಗ್ಗಿದರೂ ಕೊಳವೆಯ ಶ್ರುತಿ ತಪ್ಪುತ್ತದೆ. ಕಣಗಳಿಗೆ ದಾರಿ ತೋರಿಸುವ ವಿದ್ಯುತ್ಕಾಂತಗಳ ಸುರುಳಿಗಳೂ ಕಾಯುತ್ತವೆ. ಹಾಗಾಗಿ ನೀರು ಹರಿಯುತ್ತಲೇ ಇರಬೇಕು.

ನೀರು ನಡುಕ ತರುವುದು ಹೇಗೆ?

ಮನೆಯಲ್ಲಿ ಮೋಟರ್ ಹಾಕಿದಾಗ ಪೈಪಿನ ಮೇಲೆ ಕೈಯಿಟ್ಟು ನೋಡಿ, ಅದುರುವುದು ಗೊತ್ತಾಗುತ್ತದೆ. ಇಲ್ಲೂ ಅಷ್ಟೇ. ಒಂದು, ಪಂಪಿನ ಅದುರು ಪೈಪ್ ಮತ್ತು ನೀರಿನ ಮೂಲಕ ಸಾಗಿ ಬರುತ್ತದೆ. ಎರಡು, ರಭಸವಾಗಿ ಹರಿಯುವ ನೀರಿನಲ್ಲಿ ಸುಳಿಗಳೇಳುತ್ತವೆ. ತಿರುವುಗಳಲ್ಲಿ ಅವು ಕೊಳವೆಯ ಗೋಡೆಯನ್ನು ಒಂದೇ ಸಮನೆ ಬಡಿಯುತ್ತವೆ. ಈ ಬಡಿತ ಚೌಕಟ್ಟಿನ ಸಹಜ ಕಂಪನಕ್ಕೆ ಹೊಂದಿಕೊಂಡರೆ, ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ತಳ್ಳಿದ ಹಾಗೆ, ಅಲುಗಾಟ ಇನ್ನೂ ದೊಡ್ಡದಾಗುತ್ತದೆ.

ಅಷ್ಟಕ್ಕೇ ಏನಾಗುತ್ತದೆ?

ಅಮೆರಿಕದ ಸ್ಟ್ಯಾನ್‌ಫರ್ಡ್ ಲೀನಿಯರ್ ಕೊಲೈಡರ್ 1989ರಿಂದ 1998ರವರೆಗೆ ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್‌ಗಳನ್ನು ಡಿಕ್ಕಿ ಹೊಡೆಸುತ್ತಿತ್ತು. ಸುಮಾರು 3 ಕಿಲೋಮೀಟರ್ ಓಡಿ ಬಂದ ಕಣಗಳ ಪುಂಜವನ್ನು ಡಿಕ್ಕಿಯ ಜಾಗದಲ್ಲಿ 1 ಮೈಕ್ರೋಮೀಟರ್‌ಗಿಂತಲೂ ಕಡಿಮೆ ಎತ್ತರಕ್ಕೆ ಇಳಿಸಲಾಗಿತ್ತು. ನಮ್ಮ ತಲೆಗೂದಲಿನ ದಪ್ಪವೇ ಹತ್ತಾರು ಮೈಕ್ರೋಮೀಟರ್! ದಾರಿಯಲ್ಲಿನ ಕಾಂತವೊಂದು ಕೊಂಚ ಅಲುಗಿದರೂ ಪುಂಜ ಪಕ್ಕಕ್ಕೆ ಸರಿದು ಡಿಕ್ಕಿಯೇ ತಪ್ಪಬಹುದು. ಪುಂಜದ ಓಲಾಟದ ಮೂಲ ಹುಡುಕುತ್ತ ಹೋದಾಗ ಸಿಕ್ಕ ಕಾರಣಗಳಲ್ಲಿ ತಂಪಾಗಿಸುವ ನೀರಿನ ವ್ಯವಸ್ಥೆಯೂ ಒಂದು.

ಯುರೋಪಿನ ಸರ್ನ್ ಸಂಸ್ಥೆಯ 'ಕ್ಲಿಕ್' ಯೋಜನೆಯ ವಿನ್ಯಾಸದಲ್ಲಿ ಪುಂಜದ ಎತ್ತರ ಸುಮಾರು 1 ನ್ಯಾನೋಮೀಟರ್, ಅಂದರೆ ಮೈಕ್ರೋಮೀಟರಿನ ಸಾವಿರದಲ್ಲೊಂದು ಭಾಗ. ಅಲ್ಲಿ ಸವಾಲು ಮತ್ತೂ ಕಠಿಣ.

ಪರಿಹಾರವೇನು?

ನೀರನ್ನು ನಿಧಾನಗೊಳಿಸಿದರೆ ನಡುಕ ತಗ್ಗುತ್ತದೆ, ಆದರೆ ಶಾಖ ಉಳಿಯುತ್ತದೆ. ಆದ್ದರಿಂದ ಅಗಲವಾದ ಕೊಳವೆ ಬಳಸುತ್ತಾರೆ. ಪಂಪನ್ನು ದೂರದಲ್ಲಿ, ಅದುರು ಹೀರುವ ಪ್ಯಾಡ್ ಮೇಲೆ ಕೂರಿಸುತ್ತಾರೆ. ನಡುವೆ ಬಳುಕುವ ಹೋಸ್ ಜೋಡಿಸುತ್ತಾರೆ. ಕಾಂತಗಳನ್ನು ಹೊರುವ ಚೌಕಟ್ಟನ್ನು ಗಟ್ಟಿಗೊಳಿಸುತ್ತಾರೆ. ಇಷ್ಟಾದ ಮೇಲೂ ಉಳಿಯುವ ನಿಧಾನದ ಓಲಾಟವನ್ನು ಅಳೆದು, ಪುಂಜವನ್ನು ತಾನಾಗಿಯೇ ಸರಿದಾರಿಗೆ ತರುವ ವ್ಯವಸ್ಥೆಯೂ ಇರುತ್ತದೆ.

ಹಾಗಾದರೆ ಭೂಕಂಪ?

ಭೂಕಂಪವಾಗುವುದು ಕಿಲೋಮೀಟರ್‌ಗಟ್ಟಲೆ ಆಳದ ಶಿಲೆಗಳಲ್ಲಿ ಕೂಡಿಕೊಂಡ ಒತ್ತಡ ಒಮ್ಮೆಲೇ ಬಿಡುಗಡೆಯಾದಾಗ. ಕೂದಲೆಳೆಯ ದಪ್ಪಕ್ಕೂ ಸಾಟಿಯಿಲ್ಲದ ಈ ಅಲುಗಾಟ ಅದಕ್ಕೆ ಕಾರಣವಾಗದು. ಪೈಪಿನ ನೀರಿಗೂ ಹೆದರುವ ಯಂತ್ರ ಭೂಮಿಯನ್ನು ನಡುಗಿಸೀತೇ? ಅಂಥ ಸಂದೇಶ ಬಂದರೆ ಮುಂದಕ್ಕೆ ಕಳಿಸಬೇಡಿ. ಕಳಿಸಿದವರಿಗೆ ಈ ವಿಷಯ ತಿಳಿಸಿ.