ಸೈಕಲ್ಲಿಗಾಗಿ ಕಡಿಯದ ದಾರಿಗಳು: ಕೋಸ್ ಪ್ರಸ್ಥಭೂಮಿ ಮತ್ತು ತಾರ್ನ್ ಕಣಿವೆಯ ರಸ್ತೆಗಳ ಚರಿತ್ರೆ

ಫ್ರಾನ್ಸಿನ ನಡುಭಾಗವನ್ನು ಆವರಿಸಿರುವ ಮಾಸಿಫ್ ಸೆಂಟ್ರಲ್ ಎಂಬ ಪುರಾತನ ಬೆಟ್ಟಪ್ರದೇಶವು ದಕ್ಷಿಣಕ್ಕೆ ಮುಗಿಯುವ ಎಡೆಯಲ್ಲಿ ಸೋವ್‌ತೇರ್, ಮೆಜಾನ್, ನ್ವಾರ್, ಲಾರ್ಜಾಕ್ ಎಂಬ ನಾಲ್ಕು ದೊಡ್ಡ ಸುಣ್ಣಕಲ್ಲಿನ ಪ್ರಸ್ಥಭೂಮಿಗಳಿವೆ. ಸ್ಥಳೀಯರು ಇವನ್ನು ‘ಕೋಸ್’ ಎಂದು ಕರೆಯುತ್ತಾರೆ. ಬಿದ್ದ ಮಳೆಯೆಲ್ಲ ಕಲ್ಲಿನ ಬಿರುಕುಗಳಲ್ಲಿ ಇಂಗಿಹೋಗುವುದರಿಂದ ಮೇಲೆ ಹಳ್ಳಕೊಳ್ಳಗಳಿಲ್ಲ. ಕುರಿಮಂದೆಗೆ ನೀರುಣಿಸಲು ರೈತರು ತಗ್ಗಿನ ಜಾಗಗಳಿಗೆ ಜೇಡಿಮಣ್ಣು ಮೆತ್ತಿ, ಕಲ್ಲು ಹಾಸಿ, ‘ಲವೋನ್ಯ’ ಎಂಬ ದುಂಡನೆಯ ಕಟ್ಟೆಗಳನ್ನು ಕಟ್ಟಿಕೊಂಡರು. ಈ ಒಣನೆಲವನ್ನು ಸೀಳಿಕೊಂಡು ತಾರ್ನ್, ಜೋಂತ್, ದೂರ್ಬಿ ನದಿಗಳು ಹರಿಯುತ್ತವೆ. ಅವುಗಳ ಕಮರಿಗಳು ಕೆಲವೆಡೆ 500 ಮೀಟರಿನಷ್ಟು ಆಳವಾಗಿವೆ. ಹೊಳೆಯ ದಂಡೆಯಿಂದ ಹೊರಟು, ತಿರುವುಗಳ ಮೇಲೆ ತಿರುವು ಹತ್ತಿ, ಮೇಲಿನ ಬಯಲನ್ನು ದಾಟಿ ಮತ್ತೊಂದು ಹೊಳೆಗೆ ಇಳಿಯುವ ಇಲ್ಲಿನ ಹಾದಿಗಳನ್ನು ಸೈಕಲ್ ಸವಾರರು ಬಹುವಾಗಿ ಮೆಚ್ಚುತ್ತಾರೆ. ಆದರೆ ಆ ಹಾದಿಗಳಲ್ಲಿ ಒಂದೂ ಸೈಕಲ್ಲಿಗಾಗಿ ಹುಟ್ಟಿದ್ದಲ್ಲ. ದಂಡು, ಸಂತೆ, ಬಿಟ್ಟಿ ದುಡಿಮೆ, ಪ್ರವಾಸಿಗಳ ಹಣ ಇವು ಅವನ್ನು ಕಡಿಸಿದವು. ಊರು ಬಿಟ್ಟುಹೋದ ಜನ ಅವನ್ನು ಸೈಕಲ್ಲಿಗೆ ಬಿಟ್ಟುಕೊಟ್ಟರು.

ಅತ್ಯಂತ ಹಳೆಯವು ‘ದ್ರಾಯ್’ ಎಂಬ ಕುರಿದಾರಿಗಳು. ಬೇಸಿಗೆ ಬಂತೆಂದರೆ ಬಯಲುಸೀಮೆಯ ಮಂದೆಗಳು ಇವುಗಳ ಮೇಲೆ ಬೆಟ್ಟದ ಹುಲ್ಲುಗಾವಲಿಗೆ ಹೋಗುತ್ತಿದ್ದವು. ಚಕ್ರದ ಗಾಡಿ ಓಡುವಂಥ ದಾರಿ ಬಂದದ್ದು ಬೇರೆಯೇ ಉದ್ದೇಶದಿಂದ. 1685ರಲ್ಲಿ 14ನೆಯ ಲೂಯಿ ದೊರೆಯು ಪ್ರೊಟೆಸ್ಟಂಟರಿಗೆ ರಕ್ಷಣೆ ನೀಡಿದ್ದ ನಾಂತ್ ಶಾಸನವನ್ನು ರದ್ದುಪಡಿಸಿದಾಗ, ಕೋಸ್‌ಗಳ ಪೂರ್ವಕ್ಕಿರುವ ಸೆವೆನ್ ಬೆಟ್ಟಗಳ ಪ್ರೊಟೆಸ್ಟಂಟ್ ಹಳ್ಳಿಗಳು ತಮ್ಮ ಮತವನ್ನು ಬಿಡಲೊಪ್ಪಲಿಲ್ಲ. ಲಾಂಗ್ದಾಕ್ ಪ್ರಾಂತದ ರಾಜಪ್ರತಿನಿಧಿಯಾಗಿದ್ದ ನಿಕೊಲಾ ದ ಬಾವಿಲ್, ಸೈನ್ಯ ಮತ್ತು ಫಿರಂಗಿಗಳು ಬೇಗ ತಲುಪುವಂತೆ ಈ ಬೆಟ್ಟಗಳಲ್ಲಿ ಅಗಲವಾದ ರಸ್ತೆಗಳ ಜಾಲವನ್ನೇ ಹರಡಿದನು. 1702ರಿಂದ 1704ರವರೆಗೆ ‘ಕಾಮಿಸಾರ್’ ಎಂಬ ಹೆಸರಿನ ರೈತ ಬಂಡಾಯಗಾರರ ವಿರುದ್ಧ ನಡೆದ ಕ್ರೂರ ಯುದ್ಧದಲ್ಲಿ ಈ ರಸ್ತೆಗಳು ಬಳಕೆಯಾದವು. ಫ್ಲೋರಾಕ್ ಕಡೆಯಿಂದ ಸ್ಯಾಂ-ಜಾಂ-ದ್ಯು-ಗಾರ್ ಊರಿನವರೆಗೆ ಬೆಟ್ಟದ ಏಣಿನ ಮೇಲೆಯೇ ಸಾಗುವ ‘ಕಾರ್ನಿಶ್ ದೆ ಸೆವೆನ್’ ರಸ್ತೆಗೂ ಇದೇ ಮೂಲ. ಕಣಿವೆಯಲ್ಲಿ ಹೊಂಚಿಗೆ ಸಿಕ್ಕಿಬೀಳಬಾರದೆಂದು ದಂಡು ಎತ್ತರದ ದಾರಿಯನ್ನು ಆರಿಸಿಕೊಂಡಿತು. ಎರಡೂ ಕಡೆಯ ಕಣಿವೆಗಳು ಕಣ್ಣಿಗೆ ಬೀಳುವುದರಿಂದ ಇಂದಿನ ಪ್ರವಾಸಿ ಪುಸ್ತಕಗಳು ಅದೇ ದಾರಿಯನ್ನು ಹೊಗಳುತ್ತವೆ.

18ನೆಯ ಶತಮಾನದಲ್ಲಿ ರಸ್ತೆ ನಿರ್ಮಾಣವು ಇಡೀ ರಾಜ್ಯದ ವ್ಯವಸ್ಥೆಯಾಯಿತು. 1738ರ ಆದೇಶವು ರಸ್ತೆಗೆ ಹತ್ತಿರದ ಹಳ್ಳಿಗರು ವರ್ಷಕ್ಕೆ ಇಷ್ಟು ದಿನವೆಂದು ಕೂಲಿಯಿಲ್ಲದೆ ದುಡಿಯಬೇಕೆಂಬ ‘ಕೋರ್ವೆ’ ಎಂಬ ಬಿಟ್ಟಿ ಪದ್ಧತಿಯನ್ನು ದೇಶದಾದ್ಯಂತ ಕ್ರಮಬದ್ಧಗೊಳಿಸಿತು. ಕುಲೀನರಿಗೂ ಪಾದ್ರಿಗಳಿಗೂ ಇದರಿಂದ ವಿನಾಯಿತಿ ಇದ್ದುದರಿಂದ, ಮಹಾಕ್ರಾಂತಿಯ ಹೊತ್ತಿಗೆ ರೈತರ ದ್ವೇಷಕ್ಕೆ ಗುರಿಯಾಗಿದ್ದ ಸಂಗತಿಗಳಲ್ಲಿ ಇದೂ ಒಂದಾಗಿತ್ತು. 1747ರಲ್ಲಿ ಪ್ಯಾರಿಸ್ಸಿನಲ್ಲಿ ಸ್ಥಾಪಿತವಾದ ಸೇತುವೆ ಮತ್ತು ರಸ್ತೆಗಳ ಶಾಲೆಯಿಂದ ಬಂದ ಎಂಜಿನಿಯರುಗಳು ಈ ದುಡಿಮೆಗೆ ಶಾಸ್ತ್ರದ ಅಳತೆಗಳನ್ನು ತಂದರು. ಅವುಗಳಲ್ಲಿ ಸೈಕಲ್ಲಿನ ದೃಷ್ಟಿಯಿಂದ ಮುಖ್ಯವಾದದ್ದು ಏರಿನ ಅಳತೆ. ಹೇರು ತುಂಬಿದ ಗಾಡಿಯನ್ನು ಕುದುರೆಯು ನಿಲ್ಲದೆ ಎಳೆಯಬೇಕಾದರೆ ನೂರು ಮೀಟರಿಗೆ ಐದಾರು ಮೀಟರಿಗಿಂತ ಬಹಳ ಹೆಚ್ಚು ಏರು ಇರಬಾರದೆಂಬ ಎಣಿಕೆಯಿಂದ, ಹಿಂದಿನ ಕಾಲುದಾರಿಗಳು ನೆಟ್ಟಗೆ ಹತ್ತುತ್ತಿದ್ದ ಗುಡ್ಡಗಳ ಮೇಲೆ ಅವರು ಸುತ್ತು ಬಳಸಿನ ತಿರುವುಗಳನ್ನು ಹಾಕಿದರು. ಕುದುರೆಯ ಉಸಿರಿಗೆ ತಕ್ಕಂತೆ ಅಳೆದ ಆ ಏರು ಮನುಷ್ಯನ ಕಾಲಿಗೂ ಒಗ್ಗುತ್ತದೆ ಎಂಬುದು ನೂರೈವತ್ತು ವರ್ಷಗಳ ಬಳಿಕ ಗೊತ್ತಾಯಿತು.

ಹೆದ್ದಾರಿಗಳ ಆಚೆಗಿನ ಹಳ್ಳಿಗಳ ಪಾಲಿಗೆ ನಿಜವಾದ ಬದಲಾವಣೆ ತಂದದ್ದು 1836ರ ಮೇ 21ರ ಕಾನೂನು. ಊರಿಂದೂರಿಗೆ ಹೋಗುವ ದಾರಿಗಳನ್ನು ಸುಸ್ಥಿತಿಯಲ್ಲಿ ಇಡುವುದು ಗ್ರಾಮದ ಕಡ್ಡಾಯ ಹೊಣೆಯೆಂದು ಅದು ವಿಧಿಸಿತು. ತೆರಿಗೆಯ ಹಣ ಸಾಲದಿದ್ದಲ್ಲಿ, 18ರಿಂದ 60 ವಯಸ್ಸಿನ ಪ್ರತಿಯೊಬ್ಬ ದುಡಿಯಬಲ್ಲ ಗಂಡಸಿಗೂ, ಅಷ್ಟೇ ಅಲ್ಲದೆ ಮನೆಯ ಪ್ರತಿಯೊಂದು ಗಾಡಿಗೂ ಗಾಡಿ ಎಳೆಯುವ ಪ್ರಾಣಿಗೂ, ವರ್ಷಕ್ಕೆ ಮೂರು ದಿನಗಳವರೆಗಿನ ಕೆಲಸವನ್ನು ಲೆಕ್ಕಹಾಕುವ ಅಧಿಕಾರವನ್ನು ಕೊಟ್ಟಿತು. ‘ಪ್ರೆಸ್ತಾಸಿಯೋಂ’ ಎಂಬ ಈ ಸೇವೆಯು ಹಳೆಯ ಬಿಟ್ಟಿಯ ಇನ್ನೊಂದು ರೂಪವೆಂದು ಟೀಕೆಗೆ ಒಳಗಾಯಿತು. ಆದರೆ ದುಡಿಯಲಾಗದವನು ಅದರ ಬದಲು ಹಣ ಕಟ್ಟಬಹುದಾಗಿತ್ತು, ಕಟ್ಟುವ ದಾರಿಯೂ ದೂರದ ರಾಜಮಾರ್ಗವಾಗಿರದೆ ಅವನದೇ ಊರಿನ ದಾರಿಯಾಗಿತ್ತು; ಈ ವ್ಯತ್ಯಾಸ ಚಿಕ್ಕದಲ್ಲ. ಹೆದ್ದಾರಿಗಳ ದಿನನಿತ್ಯದ ಆರೈಕೆಗೆ ‘ಕಾಂತೊನಿಯೆ’ ಎಂಬ ಸಂಬಳದ ಕೆಲಸಗಾರರಿದ್ದರು. ಇವರ ವ್ಯವಸ್ಥೆ 1811ರಲ್ಲಿ ನೆಪೋಲಿಯನ್ನನ ಶಾಸನದಿಂದ ಗಟ್ಟಿಗೊಂಡಿತು. ಒಬ್ಬೊಬ್ಬನಿಗೂ ಒಂದು ಗೊತ್ತಾದ ತುಂಡು ದಾರಿ. ಟೋಪಿಯ ಮೇಲೆ ಹುದ್ದೆಯ ಹೆಸರು ಕೆತ್ತಿದ ತಾಮ್ರದ ಬಿಲ್ಲೆ. ತಾನು ಕೆಲಸ ಮಾಡುವ ಜಾಗದ ಹತ್ತಿರ ದಾರಿಯಂಚಿಗೆ ಅವನು ತನ್ನ ಗುರುತಿನ ಕೋಲನ್ನು ನೆಡಬೇಕಾಗಿತ್ತು, ಮೇಲಧಿಕಾರಿ ಬಂದಾಗ ಆಳು ಎಲ್ಲಿದ್ದಾನೆಂದು ಹುಡುಕಾಡಬಾರದೆಂದು. ಜಲ್ಲಿ ಒಡೆಯುವುದು, ಗುಂಡಿ ಮುಚ್ಚುವುದು, ಚರಂಡಿ ಬಿಡಿಸುವುದು, ಚಳಿಗಾಲದಲ್ಲಿ ಹಿಮ ಸರಿಸುವುದು ಅವನ ವರ್ಷದ ಚಕ್ರವಾಗಿತ್ತು.

ತಾರ್ನ್ ಕಮರಿಯೊಳಗೆ ಮಾತ್ರ ದಾರಿ ಬಹಳ ತಡವಾಗಿ ಬಂತು. 19ನೆಯ ಶತಮಾನದ ಕೊನೆಯಲ್ಲಿ ಎದುವಾರ್-ಆಲ್ಫ್ರೆದ್ ಮಾರ್ತೆಲ್ ಎಂಬ ವಕೀಲನು ಈ ಸೀಮೆಯ ಕಮರಿ, ಗುಹೆಗಳನ್ನು ಶೋಧಿಸಿ ಬರೆದ ಬರಹಗಳಿಂದ ಪ್ರವಾಸಿಗಳು ಬರತೊಡಗಿದರು. 1897ರಲ್ಲಿ ಅವನ ಜೊತೆಗಾರ, ಕಮ್ಮಾರ ವೃತ್ತಿಯ ಲೂಯಿ ಆರ್ಮಾಂ, ಮೆಜಾನ್ ಬಯಲಿನ ಮೇಲೆ ಕಂಡುಹಿಡಿದ ಗುಹೆ ಇಂದಿಗೂ ಅವನ ಹೆಸರನ್ನೇ ಹೊತ್ತಿದೆ. ಆಗ ಕಮರಿಯನ್ನು ನೋಡಬೇಕೆಂದವರು ಲ ಮಲೇನ್ ಮುಂತಾದ ಊರುಗಳ ಅಂಬಿಗರ ಚಪ್ಪಟೆ ತಳದ ದೋಣಿಗಳಲ್ಲಿ ಹೋಗಬೇಕಾಗಿತ್ತು. ಬಂಡೆ ಕೊರೆದು ಸುರಂಗ ತೆಗೆದು ಹೊಳೆಯ ಮಗ್ಗುಲಲ್ಲೇ ಹಾಕಿದ ರಸ್ತೆಯು ಸಂಚಾರಕ್ಕೆ ತೆರೆದದ್ದು 1905ರಲ್ಲಿ.

ಅಷ್ಟು ಹೊತ್ತಿಗೆ ಸೈಕಲ್ಲು ಬಂದು ನೆಲೆಯೂರಿತ್ತು. ಈ ಬೆಟ್ಟಪ್ರದೇಶದ ಪೂರ್ವದಂಚಿನಲ್ಲಿ ರೇಷ್ಮೆ ಪಟ್ಟಿ, ಬಂದೂಕು, ಕಲ್ಲಿದ್ದಲುಗಳಿಗೆ ಹೆಸರಾಗಿದ್ದ ಸ್ಯಾಂತ್-ಎತಿಯೆನ್ ನಗರವು ಫ್ರೆಂಚ್ ಸೈಕಲ್ ಉದ್ಯಮದ ತವರಾಯಿತು. ಅಲ್ಲಿ ರೇಷ್ಮೆ ವ್ಯಾಪಾರ ಬಿಟ್ಟು ಸೈಕಲ್ ಅಂಗಡಿ ತೆರೆದ ಪೋಲ್ ದ ವಿವಿ (1853–1930) 1887ರಲ್ಲಿ ಒಂದು ಪತ್ರಿಕೆಯನ್ನೂ ಆರಂಭಿಸಿ, ‘ವೆಲೊಸಿಯೊ’ ಎಂಬ ಕಾವ್ಯನಾಮದಿಂದ ಬರೆದನು. ಪಂದ್ಯದ ಹಂಗಿಲ್ಲದೆ ದೇಶ ನೋಡುವುದಕ್ಕಾಗಿ ದೂರ ಸವಾರಿ ಮಾಡುವುದನ್ನು ಅವನು ಒಂದು ಬಗೆಯ ಜೀವನಶಿಸ್ತಾಗಿ ಬೋಧಿಸಿದನು. ಅವನು ಶಾಕಾಹಾರಿಯಾಗಿದ್ದುದು ಅದೇ ಬೋಧನೆಯ ಭಾಗ. ಅವನ ದೊಡ್ಡ ಹೋರಾಟ ಗೇರಿನದು. ಏರಿಗೊಂದು, ಇಳಿಜಾರಿಗೊಂದು ಹಲ್ಲುಗಾಲಿ ಬದಲಿಸಿಕೊಳ್ಳುವ ಏರ್ಪಾಡಿಲ್ಲದೆ ಬೆಟ್ಟದ ಸೀಮೆಯಲ್ಲಿ ಸಾಮಾನ್ಯ ಸವಾರನಿಗೆ ಉಳಿಗಾಲವಿಲ್ಲವೆಂದು ಅವನು ವಾದಿಸಿದನು. 1903ರಲ್ಲಿ ತೂರ್ ದ ಫ್ರಾನ್ಸ್ ಪಂದ್ಯವನ್ನು ಆರಂಭಿಸಿದ ಆನ್ರಿ ದೆಗ್ರಾಂಜ್ ಇದನ್ನು ದುರ್ಬಲರ ಸಾಧನವೆಂದು ಬಗೆದಿದ್ದರಿಂದ, ಚೈನನ್ನು ಒಂದು ಹಲ್ಲುಗಾಲಿಯಿಂದ ಮತ್ತೊಂದಕ್ಕೆ ಸರಿಸುವ ಡೆರೇಲರ್ ಆ ಪಂದ್ಯಕ್ಕೆ ಕಾಲಿಟ್ಟದ್ದು 1937ರಲ್ಲಿ. ಪಂದ್ಯವೀರರಿಗೆ ದಕ್ಕುವ ಮೊದಲೇ ಪ್ರವಾಸಿ ಸವಾರರು ದಶಕಗಳ ಕಾಲ ಗೇರು ಬಳಸಿದ್ದರೆಂಬುದು ಸೈಕಲ್ಲಿನ ಚರಿತ್ರೆಯಲ್ಲಿ ಸಾಮಾನ್ಯವಾಗಿ ಮರೆತುಹೋಗುವ ಮಾತು.

ಬೆಟ್ಟ ಹತ್ತಬಲ್ಲ ಸೈಕಲ್ಲಿಗೆ ಜೊತೆಯಾದದ್ದು ನಕ್ಷೆ. ಸೈಕಲ್ ಟೈರಿನಿಂದಲೇ ಹೆಸರು ಮಾಡಿದ ಮಿಶೆಲಿನ್ ಕಂಪನಿಯು, ಒಂದು ಸೆಂಟಿಮೀಟರಿಗೆ ಎರಡು ಕಿಲೋಮೀಟರ್ ಅಳತೆಯ ರಸ್ತೆ ನಕ್ಷೆಗಳನ್ನು 1910ರಿಂದ ಹೊರತಂದಿತು. ಏರು ಕಡಿದಾದಷ್ಟೂ ದಾರಿಯ ಗೆರೆಯ ಮೇಲೆ ಒಂದು, ಎರಡು, ಮೂರು ಬಾಣದ ಗುರುತುಗಳು ಕಾಣಿಸಿಕೊಳ್ಳುವ ಅದರ ಪದ್ಧತಿಯನ್ನು ಸವಾರರ ತಲೆಮಾರುಗಳೇ ಕಂಠಪಾಠ ಮಾಡಿಕೊಂಡವು. 1936ರಲ್ಲಿ ಜನಪಕ್ಷಗಳ ಒಕ್ಕೂಟದ ಸರಕಾರವು ಕಾರ್ಮಿಕರಿಗೆ ಎರಡು ವಾರಗಳ ಸಂಬಳಸಹಿತ ರಜೆ ಕೊಟ್ಟಾಗ, ಇಬ್ಬರು ಕೂಡಿ ತುಳಿಯುವ ಸೈಕಲ್ಲುಗಳ ಮೇಲೆ ಕಾರ್ಖಾನೆಯ ಜನ ಹಳ್ಳಿಗಾಡಿಗೆ ಹೊರಟರು.

ಅವರು ಬಂದ ಹಳ್ಳಿಗಳು ಆಗಲೇ ಬರಿದಾಗುತ್ತಿದ್ದವು. ಮೆಜಾನ್ ಬಯಲನ್ನೂ ತಾರ್ನ್ ಕಮರಿಯನ್ನೂ ಒಳಗೊಂಡ ಲೋಜೇರ್ ಜಿಲ್ಲೆಯಲ್ಲಿ 19ನೆಯ ಶತಮಾನದ ಮಧ್ಯಭಾಗದಲ್ಲಿ ಸುಮಾರು 1,44,000 ಜನರಿದ್ದರು. ಈಗಿರುವವರು ಸುಮಾರು 76,000. ಗಣಿ, ರೈಲು, ನಗರಗಳ ಸೆಳೆತ, ಅದರ ಮೇಲೆ ಮೊದಲ ಮಹಾಯುದ್ಧದ ಸಾವುಗಳು ಇದಕ್ಕೆ ಕಾರಣ. ದುಪ್ಪಟ್ಟು ಜನಕ್ಕಾಗಿ ಕಟ್ಟಿದ ದಾರಿಗಳು ಹಾಗೆಯೇ ಉಳಿದವು. ಸವಾರರು ಕೊಂಡಾಡುವ ನಿಶ್ಶಬ್ದದಲ್ಲಿ ಈ ವಲಸೆಯ ಪಾಲು ದೊಡ್ಡದೆಂಬುದನ್ನು ಪ್ರವಾಸಿ ಸಾಹಿತ್ಯ ಹೇಳುವುದು ಅಪರೂಪ. ಲಾರ್ಜಾಕ್ ಬಯಲಂತೂ ಬಹುಮಟ್ಟಿಗೆ ಕೈತಪ್ಪಿಯೇ ಹೋಗುವುದರಲ್ಲಿತ್ತು: ಅಲ್ಲಿನ ಸೈನಿಕ ಶಿಬಿರವನ್ನು 3,000 ಹೆಕ್ಟೇರುಗಳಿಂದ 17,000ಕ್ಕೆ ಹಿಗ್ಗಿಸುವ ಯೋಜನೆಯನ್ನು ಸರಕಾರ 1971ರಲ್ಲಿ ಪ್ರಕಟಿಸಿದಾಗ, 103 ರೈತರು ಜಮೀನು ಬಿಡುವುದಿಲ್ಲವೆಂದು ಪ್ರತಿಜ್ಞೆ ಮಾಡಿದರು. ವರ್ಧಾದಲ್ಲಿ ಗಾಂಧೀಜಿಯ ಬಳಿ ಇದ್ದು ಬಂದಿದ್ದ ಲಾಂಜಾ ದೆಲ್ ವಾಸ್ತೊ 1972ರಲ್ಲಿ ಅವರ ನಡುವೆ ಉಪವಾಸ ಕೂತು ಆ ಹೋರಾಟಕ್ಕೆ ಅಹಿಂಸೆಯ ದಾರಿ ಹಾಕಿಕೊಟ್ಟನು. 1981ರಲ್ಲಿ ಅಧ್ಯಕ್ಷನಾದ ಮಿತ್ತೆರಾಂ ಯೋಜನೆಯನ್ನು ಕೈಬಿಟ್ಟನು.

ಇದೇ ಅವಧಿಯಲ್ಲಿ ರಸ್ತೆಗಳ ಒಡೆತನವೂ ಬದಲಾಯಿತು. 1970ರ ದಶಕದಲ್ಲಿ ಕೇಂದ್ರ ಸರಕಾರವು ಹತ್ತಾರು ಸಾವಿರ ಕಿಲೋಮೀಟರ್ ರಾಷ್ಟ್ರೀಯ ರಸ್ತೆಗಳನ್ನು ಜಿಲ್ಲೆಗಳಿಗೆ ವರ್ಗಾಯಿಸಿತು, 2006ರಲ್ಲಿ ಮತ್ತೊಂದು ಕಂತು ಹೋಯಿತು. 2004ರ ಡಿಸೆಂಬರಿನಲ್ಲಿ ಮಿಯೋ ಊರಿನ ಬಳಿ ತಾರ್ನ್ ಕಣಿವೆಯ ಮೇಲೆ ಮಹಾಸೇತುವೆ ತೆರೆದು ಲಾರಿಗಳೆಲ್ಲ ಎ-75 ಮೋಟಾರು ಹೆದ್ದಾರಿಗೆ ಏರಿದ ಮೇಲೆ, ಬೇಸಿಗೆಯಲ್ಲಿ ವಾಹನಗಳು ಮೈಲುಗಟ್ಟಲೆ ನಿಲ್ಲುತ್ತಿದ್ದ ಹಳೆಯ 9ನೆಯ ರಾಷ್ಟ್ರೀಯ ರಸ್ತೆಯು ಡಿ-809 ಎಂಬ ಜಿಲ್ಲಾ ರಸ್ತೆಯಾಗಿ ಸೈಕಲ್ಲಿಗೆ ಯೋಗ್ಯವಾಯಿತು. ಆದರೆ ಲೋಜೇರಿನಂಥ ಚಿಕ್ಕ ಜಿಲ್ಲೆಯ ಕೈಯಲ್ಲಿ ಈಗ ಎರಡು ಸಾವಿರ ಕಿಲೋಮೀಟರಿಗೂ ಮಿಕ್ಕ ರಸ್ತೆಗಳಿವೆ. ದಪ್ಪ ಡಾಂಬರು ಹಾಸುವಷ್ಟು ಹಣ ಎಲ್ಲ ಕಡೆಗೂ ಒದಗದ ಕಾರಣ, ಬೇಸಿಗೆಯಲ್ಲಿ ಬಿಸಿ ಟಾರು ಸಿಂಪಡಿಸಿ ಅದರ ಮೇಲೆ ಸಣ್ಣ ಜಲ್ಲಿ ಹರಡಿ, ಒತ್ತಿ ಕೂರಿಸುವ ಕೆಲಸವನ್ನು ಓಡಾಡುವ ವಾಹನಗಳ ಚಕ್ರಗಳಿಗೇ ಬಹುಪಾಲು ಬಿಡುತ್ತಾರೆ. ಸವಾರರು ಬಾಯಿತುಂಬ ಶಪಿಸುವ ಆ ಸಡಿಲ ಜಲ್ಲಿಯೇ ಇಲ್ಲಿನ ಹಳ್ಳಿದಾರಿಗಳನ್ನು ಮಳೆಗೂ ಹಿಮಕ್ಕೂ ಬಿರಿಯದಂತೆ ಉಳಿಸಿರುವ ಅಗ್ಗದ ಉಪಾಯ.