ಬೆಂಗಳೂರು ದಂಡು ರೈಲು ನಿಲ್ದಾಣ: ಇತಿಹಾಸ ಹಾಗೂ ದೈನಂದಿನ ಬಳಕೆ

ಬೆಂಗಳೂರು ನಗರದ ವಸಂತನಗರ ಮತ್ತು ಜಯಮಹಲ್ ಪ್ರದೇಶಗಳ ಅಂಚಿನಲ್ಲಿರುವ ಕಂಟೋನ್ಮೆಂಟ್ ರೈಲು ನಿಲ್ದಾಣವು ನೈಋತ್ಯ ರೈಲ್ವೆಯ ಬೆಂಗಳೂರು ವಿಭಾಗಕ್ಕೆ ಸೇರಿದೆ. ನಿಲ್ದಾಣದ ಕನ್ನಡ ನಾಮಫಲಕದಲ್ಲಿ ಇದರ ಹೆಸರು 'ಬೆಂಗಳೂರು ದಂಡು'. ಸೇನಾ ಶಿಬಿರಕ್ಕೆ ಕನ್ನಡದಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ 'ದಂಡು' ಎಂಬ ಪದವು ನಗರದ ಮಾತಿನಿಂದ ಬಹುಮಟ್ಟಿಗೆ ಮರೆಯಾಗಿದ್ದರೂ ಈ ಫಲಕದಲ್ಲಿ ಉಳಿದುಕೊಂಡಿದೆ. ನಿಲ್ದಾಣವನ್ನು ಬಳಸುವ ಸಾರ್ವಜನಿಕರ ಅನುಕೂಲಕ್ಕಾಗಿ ಅದರ ಹಿನ್ನೆಲೆ ಹಾಗೂ ದಿನನಿತ್ಯದ ಉಪಯೋಗಕ್ಕೆ ಸಂಬಂಧಿಸಿದ ಮಾಹಿತಿಯನ್ನು ಇಲ್ಲಿ ನೀಡಲಾಗಿದೆ.

ಹಿನ್ನೆಲೆ

1809ರಿಂದ ಬ್ರಿಟಿಷ್ ಸೇನೆಯು ಶ್ರೀರಂಗಪಟ್ಟಣದಿಂದ ಬೆಂಗಳೂರಿಗೆ ಸ್ಥಳಾಂತರಗೊಂಡು, ಹಳೆಯ ಪೇಟೆಯ ಪೂರ್ವಕ್ಕೆ ದಂಡು ಪ್ರದೇಶವು ಪ್ರತ್ಯೇಕ ಊರಾಗಿ ಬೆಳೆಯಿತು. ಮದ್ರಾಸ್ ರೈಲ್ವೆ ಕಂಪನಿಯು ಜೋಲಾರಪೇಟೆಯಿಂದ ಹಾಕಿದ ಬ್ರಾಡ್‌ಗೇಜ್ ಮಾರ್ಗವು 1864ರ ಆಗಸ್ಟ್ 1ರಂದು ಸಂಚಾರಕ್ಕೆ ತೆರೆದುಕೊಂಡಾಗ ಅದರ ಕೊನೆಯ ನಿಲ್ದಾಣ ಈ ದಂಡೇ ಆಗಿತ್ತು. ಆಗ ಮೈಸೂರು ಸಂಸ್ಥಾನವು ಬ್ರಿಟಿಷ್ ಕಮಿಷನರರ ಆಡಳಿತದಲ್ಲಿತ್ತು. ಸೈನ್ಯವನ್ನೂ ಅದರ ಸಾಮಗ್ರಿಯನ್ನೂ ಮದ್ರಾಸಿನಿಂದ ತರುವುದು ಮಾರ್ಗದ ಮುಖ್ಯ ಉದ್ದೇಶಗಳಲ್ಲಿ ಒಂದಾಗಿದ್ದುದರಿಂದ ರೈಲು ಪೇಟೆಯವರೆಗೆ ಬರಲಿಲ್ಲ. ಚಿಕ್ಕಪೇಟೆ, ಬಳೇಪೇಟೆಗಳ ವರ್ತಕರು ಮದ್ರಾಸಿನ ಸರಕನ್ನು ದಂಡಿನಲ್ಲಿ ಇಳಿಸಿಕೊಂಡು ಗಾಡಿಗಳಲ್ಲಿ ಪೇಟೆಗೆ ಸಾಗಿಸಬೇಕಾಗಿತ್ತು. ಮೈಸೂರು ಕಡೆಯ ಮೀಟರ್‌ಗೇಜ್ ಮಾರ್ಗವು ಪೂರ್ಣಗೊಂಡ 1882ರ ವೇಳೆಗೆ ಪೇಟೆಯ ಪಶ್ಚಿಮದಲ್ಲಿ ನಗರ ನಿಲ್ದಾಣವು ಏರ್ಪಟ್ಟು, ಎರಡೂ ಊರುಗಳ ನಡುವೆ ರೈಲು ಸಂಪರ್ಕ ದೊರೆಯಿತು.

1881ರಲ್ಲಿ ಸಂಸ್ಥಾನವನ್ನು ಅರಸರಿಗೆ ಹಿಂದಿರುಗಿಸಿದಾಗಲೂ ದಂಡು ಪ್ರದೇಶವು 'ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್' ಎಂಬ ಹೆಸರಿನಲ್ಲಿ ಬ್ರಿಟಿಷರ ಕೈಯಲ್ಲಿಯೇ ಉಳಿಯಿತು. 1947ರವರೆಗೆ ನಗರ ನಿಲ್ದಾಣದಿಂದ ದಂಡಿಗೆ ಬಂದಿಳಿಯುವುದೆಂದರೆ ಒಂದು ಆಡಳಿತದಿಂದ ಇನ್ನೊಂದಕ್ಕೆ ಕಾಲಿಟ್ಟಂತೆ. ಒಂದೇ ನಗರಕ್ಕೆ ಐದು ಕಿಲೋಮೀಟರ್ ಅಂತರದೊಳಗೆ ಎರಡು ಪ್ರಮುಖ ನಿಲ್ದಾಣಗಳು ಏಕಿವೆ ಎಂದು ಕೇಳುವವರಿಗೆ ಇದೇ ಉತ್ತರ. 1951ರಲ್ಲಿ ದಕ್ಷಿಣ ರೈಲ್ವೆಗೆ ಸೇರಿದ ನಿಲ್ದಾಣವು 2003ರಲ್ಲಿ ಹುಬ್ಬಳ್ಳಿ ಕೇಂದ್ರಸ್ಥಾನವಾಗಿ ರಚಿತವಾದ ನೈಋತ್ಯ ರೈಲ್ವೆಗೆ ವರ್ಗವಾಯಿತು.

ದಿನನಿತ್ಯದ ಪ್ರಯಾಣಿಕರು

ಈ ನಿಲ್ದಾಣವನ್ನು ಹೆಚ್ಚಾಗಿ ಅವಲಂಬಿಸಿರುವವರು ಪೂರ್ವದ ಊರುಗಳಿಂದ ಪ್ರತಿದಿನ ಬಂದು ಹೋಗುವ ದುಡಿಯುವ ಜನ. ಇವರಲ್ಲಿ ಕೋಲಾರ ಚಿನ್ನದ ಗಣಿ ಪ್ರದೇಶದವರ ವಿಚಾರವನ್ನು ಪ್ರತ್ಯೇಕವಾಗಿ ಹೇಳಬೇಕು. ಗಣಿಗಾಗಿಯೇ 1890ರ ದಶಕದಲ್ಲಿ ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗೆ ಕವಲು ಮಾರ್ಗ ಹಾಕಲಾಗಿತ್ತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಅಲ್ಲಿನ ಕುಟುಂಬಗಳಿಗೆ ಊರಿನಲ್ಲಿ ಮನೆ ಉಳಿಯಿತು, ಕೆಲಸ ಉಳಿಯಲಿಲ್ಲ. ಬೆಂಗಳೂರಿನ ಬಾಡಿಗೆಯನ್ನು ಭರಿಸಲಾಗದ ಅನೇಕರು ಮುಂಜಾನೆಯ ಗಾಡಿ ಹಿಡಿದು ನಗರಕ್ಕೆ ಬಂದು, ರಾತ್ರಿ ಹಿಂದಿರುಗುವುದನ್ನೇ ರೂಢಿ ಮಾಡಿಕೊಂಡರು. ಹಿಂದೆ ಚಿನ್ನದ ಊರಿಗೆ ಕೆಲಸಗಾರರನ್ನು ಕೊಂಡೊಯ್ದ ಹಳಿಯೇ ಈಗ ಅವರ ಮಕ್ಕಳನ್ನು ಹೊರಗೆ ಕರೆತರುತ್ತಿದೆ.

ಬಂಗಾರಪೇಟೆಯು ದಂಡಿನಿಂದ ಸುಮಾರು 65 ಕಿಲೋಮೀಟರ್ ದೂರದಲ್ಲಿದೆ. ಮಾಲೂರು, ವೈಟ್‌ಫೀಲ್ಡ್, ಕೃಷ್ಣರಾಜಪುರ, ಬೈಯಪ್ಪನಹಳ್ಳಿ, ಬೆಂಗಳೂರು ಪೂರ್ವ ನಿಲ್ದಾಣಗಳು ಇದೇ ಮಾರ್ಗದಲ್ಲಿವೆ. ದಿನನಿತ್ಯದ ಮೆಮು ಗಾಡಿಗಳು, ದೂರದ ಎಕ್ಸ್‌ಪ್ರೆಸ್‌ಗಳು ಹಾಗೂ ಸರಕು ಗಾಡಿಗಳು ಒಂದೇ ಹಳಿಯನ್ನು ಹಂಚಿಕೊಳ್ಳಬೇಕಾಗಿರುವುದರಿಂದ ಎಕ್ಸ್‌ಪ್ರೆಸ್‌ಗೆ ದಾರಿ ಬಿಡಲು ಮೆಮು ನಿಲ್ಲುವುದುಂಟು. ಹಾಜರಾತಿ ಪುಸ್ತಕ ಕಾಯುತ್ತಿರುವ ಉದ್ಯೋಗಿಗೆ ಈ ಇಪ್ಪತ್ತು ನಿಮಿಷ ಸಣ್ಣದಲ್ಲ. ದಂಡಿನಿಂದ ವೈಟ್‌ಫೀಲ್ಡ್‌ವರೆಗೆ ನಾಲ್ಕು ಹಳಿಗಳ ಮಾರ್ಗ ನಿರ್ಮಿಸುವ ಕಾಮಗಾರಿಯನ್ನು ಕೈಗೊಂಡಿರುವುದು ಈ ತೊಂದರೆಯ ನಿವಾರಣೆಗಾಗಿ.

ಟಿಕೆಟ್ ಮತ್ತು ಮಾಸಿಕ ಪಾಸು

ಕಾಯ್ದಿರಿಸದ ಟಿಕೆಟನ್ನು ನಿಲ್ದಾಣದ ಕೌಂಟರಿನಲ್ಲಿ ಅಥವಾ 2025ರ ಜುಲೈ 1ರಂದು ರೈಲ್ವೆಯು ಆರಂಭಿಸಿದ ರೈಲ್‌ಒನ್ ಆ್ಯಪ್ ಮೂಲಕ ಪಡೆಯಬಹುದಾಗಿದೆ. 199 ಕಿಲೋಮೀಟರ್‌ವರೆಗಿನ ಪ್ರಯಾಣದ ಇಂತಹ ಟಿಕೆಟ್ ಪಡೆದ ನಂತರ ಮೂರು ಗಂಟೆಯೊಳಗೆ, ಅಥವಾ ಆ ಊರಿಗೆ ಹೊರಡುವ ಮೊದಲ ಗಾಡಿ ಅದಕ್ಕಿಂತ ತಡವಾಗಿದ್ದಲ್ಲಿ ಆ ಗಾಡಿಯಲ್ಲಿ, ಪ್ರಯಾಣ ಆರಂಭಿಸತಕ್ಕದ್ದು. ಬೆಳಿಗ್ಗೆಯೇ ಸಂಜೆಯ ಟಿಕೆಟನ್ನೂ ಕೊಂಡು ಇಟ್ಟುಕೊಳ್ಳುವವರು ಈ ನಿಯಮದಿಂದಾಗಿ ತಪಾಸಣೆಯಲ್ಲಿ ಸಿಕ್ಕಿಬೀಳುತ್ತಾರೆ. ಟಿಕೆಟ್ ಇಲ್ಲದೆ ಪ್ರಯಾಣಿಸಿದಲ್ಲಿ ಪ್ರಯಾಣದರದ ಜೊತೆಗೆ ಕನಿಷ್ಠ 250 ರೂಪಾಯಿ ಹೆಚ್ಚುವರಿ ಶುಲ್ಕ ತೆರಬೇಕಾಗುತ್ತದೆ.

ಪ್ರತಿದಿನ ಪ್ರಯಾಣಿಸುವವರಿಗೆ ಮಾಸಿಕ ಅಥವಾ ತ್ರೈಮಾಸಿಕ ಸೀಸನ್ ಟಿಕೆಟ್ ಅನುಕೂಲಕರ. ಇದು 150 ಕಿಲೋಮೀಟರ್‌ವರೆಗಿನ ಅಂತರಕ್ಕೆ ದೊರೆಯುತ್ತದೆ. ಭಾವಚಿತ್ರವುಳ್ಳ ಗುರುತಿನ ಪತ್ರದ ಸಂಖ್ಯೆಯನ್ನು ಟಿಕೆಟಿನ ಮೇಲೆ ನಮೂದಿಸಬೇಕು ಮತ್ತು ಆ ಪತ್ರವನ್ನು ಪ್ರಯಾಣದಲ್ಲಿ ಜೊತೆಗಿಟ್ಟುಕೊಳ್ಳಬೇಕು. ಒಬ್ಬರ ಪಾಸನ್ನು ಮನೆಯ ಇನ್ನೊಬ್ಬರು ಬಳಸುವಂತಿಲ್ಲ. ಸೀಸನ್ ಟಿಕೆಟ್ ಇದ್ದ ಮಾತ್ರಕ್ಕೆ ಕಾಯ್ದಿರಿಸಿದ ಬೋಗಿಗೆ ಹತ್ತಲು ಅವಕಾಶವಿಲ್ಲ. ಅವಧಿ ಮುಗಿಯುವ ಹತ್ತು ದಿನ ಮೊದಲೇ ನವೀಕರಿಸಬಹುದಾದ್ದರಿಂದ ತಿಂಗಳ ಮೊದಲ ದಿನದ ಸರದಿಯನ್ನು ತಪ್ಪಿಸಬಹುದು.

ವಿದ್ಯಾರ್ಥಿಗಳಿಗೆ ಸಂಬಂಧಿಸಿದ ಒಂದು ಸೌಲಭ್ಯವು ಅನೇಕ ಪೋಷಕರ ಗಮನಕ್ಕೆ ಬಂದಿರುವುದಿಲ್ಲ. ಪದವಿ ಹಂತದವರೆಗೆ ವಿದ್ಯಾರ್ಥಿನಿಯರಿಗೂ ಹನ್ನೆರಡನೆಯ ತರಗತಿಯವರೆಗೆ ವಿದ್ಯಾರ್ಥಿಗಳಿಗೂ ಮನೆ ಮತ್ತು ಶಾಲಾ ಕಾಲೇಜಿನ ನಡುವಿನ ಪ್ರಯಾಣಕ್ಕೆ ದ್ವಿತೀಯ ದರ್ಜೆಯ ಮಾಸಿಕ ಪಾಸು ಉಚಿತವಾಗಿದೆ. ಇದಕ್ಕೆ ಸಂಸ್ಥೆಯ ಮುಖ್ಯಸ್ಥರಿಂದ ಪ್ರಮಾಣಪತ್ರ ಪಡೆದು ನಿಲ್ದಾಣದಲ್ಲಿ ಸಲ್ಲಿಸತಕ್ಕದ್ದು.

ಮೆಟ್ರೊ ಸಂಪರ್ಕ

ನೇರಳೆ ಮಾರ್ಗದ ಮೆಟ್ರೊ ದಂಡು ನಿಲ್ದಾಣವನ್ನು ಮುಟ್ಟುವುದಿಲ್ಲ. ಆ ಮಾರ್ಗ ಹಿಡಿಯಬೇಕಾದವರು ವೈಟ್‌ಫೀಲ್ಡ್, ಕೃಷ್ಣರಾಜಪುರ ಅಥವಾ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ನಿಲ್ದಾಣದಲ್ಲಿ ಗಾಡಿ ಬದಲಿಸುವುದು ಸೂಕ್ತ. ಕಾಳೇನ ಅಗ್ರಹಾರದಿಂದ ನಾಗವಾರಕ್ಕೆ ಹೋಗುವ ಗುಲಾಬಿ ಮಾರ್ಗದ ಭೂಗತ ನಿಲ್ದಾಣವನ್ನು ಮೊದಲು ರೈಲು ನಿಲ್ದಾಣದ ಬಳಿಯೇ ಯೋಜಿಸಲಾಗಿತ್ತು; ಅನಂತರ ಅದನ್ನು ಬಂಬೂ ಬಜಾರ್ ಕಡೆಗೆ ಬದಲಾಯಿಸಲಾಯಿತು. ಪ್ರಯಾಣಿಕರು ಈ ಬದಲಾವಣೆಯನ್ನು ವಿರೋಧಿಸಿದ್ದರು. ಹೊರೆ ಹೊತ್ತು ಮಕ್ಕಳ ಕೈಹಿಡಿದು ನಡೆಯುವವರಿಗೆ ಕೆಲವು ನೂರು ಮೀಟರ್ ಕೂಡ ಲೆಕ್ಕಕ್ಕೆ ಬರುತ್ತದೆ ಎಂಬುದು ಒಪ್ಪತಕ್ಕ ಮಾತೇ.

ನಿಲ್ದಾಣದ ಪುನರಭಿವೃದ್ಧಿ

2022ರ ಜೂನ್ 20ರಂದು ದಂಡು ಹಾಗೂ ಯಶವಂತಪುರ ನಿಲ್ದಾಣಗಳ ಪುನರಭಿವೃದ್ಧಿಗೆ ಪ್ರಧಾನಮಂತ್ರಿಗಳು ಶಂಕುಸ್ಥಾಪನೆ ನೆರವೇರಿಸಿದರು. ಅದೇ ದಿನ ಸುಮಾರು 148 ಕಿಲೋಮೀಟರ್ ಉದ್ದದ ಉಪನಗರ ರೈಲು ಯೋಜನೆಗೂ ಚಾಲನೆ ದೊರೆಯಿತು. ಅದರ ನಾಲ್ಕು ಮಾರ್ಗಗಳಲ್ಲಿ ಕೆಂಗೇರಿಯಿಂದ ವೈಟ್‌ಫೀಲ್ಡ್‌ಗೆ ಹೋಗುವ 'ಪಾರಿಜಾತ' ಮಾರ್ಗವು ದಂಡಿನ ಮೂಲಕ ಹಾದುಹೋಗುತ್ತದೆ. ಕಾಮಗಾರಿಯ ಸಲುವಾಗಿ 2024ರ ಸೆಪ್ಟೆಂಬರ್‌ನಿಂದ ಹಲವು ಗಾಡಿಗಳ ನಿಲುಗಡೆಯನ್ನು ತಾತ್ಕಾಲಿಕವಾಗಿ ರದ್ದುಪಡಿಸಲಾಗಿತ್ತು. ಇತ್ತ ಕೊಯಮತ್ತೂರು (ಡಿಸೆಂಬರ್ 2023) ಮತ್ತು ಮಧುರೈ (ಆಗಸ್ಟ್ 2024) ಕಡೆಯ ವಂದೇ ಭಾರತ್ ಗಾಡಿಗಳು ದಂಡನ್ನೇ ಕೊನೆಯ ನಿಲ್ದಾಣವಾಗಿಸಿಕೊಂಡು ಆರಂಭಗೊಂಡವು. ಪ್ರಯಾಣಕ್ಕೆ ಮುನ್ನ ನಿಲುಗಡೆ ಹಾಗೂ ಪ್ಲಾಟ್‌ಫಾರ್ಮ್ ಸಂಖ್ಯೆಯನ್ನು 139ಕ್ಕೆ ಕರೆ ಮಾಡಿ ಖಚಿತಪಡಿಸಿಕೊಳ್ಳಲು ಕೋರಲಾಗಿದೆ.

ನಿಲ್ದಾಣದ ಪಕ್ಕದ ರೈಲ್ವೆ ಕಾಲೋನಿಯ ಮರಗಳ ವಿಷಯವು ಬೇರೆಯೇ ಆಗಿದೆ. ವಾಣಿಜ್ಯ ಅಭಿವೃದ್ಧಿಗಾಗಿ ನೂರಾರು ಮರಗಳನ್ನು ಕಡಿಯುವ ಪ್ರಸ್ತಾವಕ್ಕೆ ನಾಗರಿಕರಿಂದ ತೀವ್ರ ಆಕ್ಷೇಪಣೆ ಬಂದ ನಂತರ, 2025ರಲ್ಲಿ ರಾಜ್ಯ ಸರ್ಕಾರವು ಅಲ್ಲಿನ ಸುಮಾರು ಎಂಟೂವರೆ ಎಕರೆ ಪ್ರದೇಶವನ್ನು ಜೈವಿಕ ವೈವಿಧ್ಯ ಅಧಿನಿಯಮ, 2002ರ ಅಡಿಯಲ್ಲಿ ಪಾರಂಪರಿಕ ತಾಣವೆಂದು ಘೋಷಿಸುವ ಪ್ರಸ್ತಾವವನ್ನು ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಆಹ್ವಾನಿಸಿತು.

ದೂರು ಮತ್ತು ಅರ್ಜಿ

ಹಳಿ ದಾಟಲು ಮೇಲ್ಸೇತುವೆಯನ್ನೇ ಬಳಸತಕ್ಕದ್ದು. ಹಳಿಯ ಮೇಲೆ ಅತಿಕ್ರಮವಾಗಿ ದಾಟುವುದು ರೈಲ್ವೆ ಅಧಿನಿಯಮ, 1989ರ 147ನೇ ಪ್ರಕರಣದಂತೆ ಆರು ತಿಂಗಳವರೆಗಿನ ಸೆರೆವಾಸ ಅಥವಾ ದಂಡಕ್ಕೆ ಗುರಿಯಾಗುವ ಅಪರಾಧ. ಭದ್ರತೆ, ವೈದ್ಯಕೀಯ ನೆರವು ಹಾಗೂ ದೂರುಗಳಿಗೆ 139, ಒಂಟಿಯಾಗಿ ಕಂಡುಬರುವ ಮಕ್ಕಳ ವಿಚಾರದಲ್ಲಿ 1098 ಸಂಖ್ಯೆಗೆ ಕರೆ ಮಾಡಬಹುದು.

ನಿಲ್ದಾಣ ಕೇಂದ್ರ ಸರ್ಕಾರದ ರೈಲ್ವೆಗೆ ಸೇರಿರುವುದರಿಂದ ಗಾಡಿಯ ವೇಳೆ, ಪಾಸು, ಶೌಚಾಲಯ, ಪ್ಲಾಟ್‌ಫಾರ್ಮ್ ಕುರಿತ ಮಾಹಿತಿ ಹಕ್ಕು ಅರ್ಜಿಗಳನ್ನು 10 ರೂಪಾಯಿ ಶುಲ್ಕದೊಂದಿಗೆ ನೈಋತ್ಯ ರೈಲ್ವೆಯ ಬೆಂಗಳೂರು ವಿಭಾಗೀಯ ಕಚೇರಿಯ ಮಾಹಿತಿ ಅಧಿಕಾರಿಗೆ ಸಲ್ಲಿಸತಕ್ಕದ್ದು. ರಾಜ್ಯದ ಕಚೇರಿಗೆ ಬಂದ ಅರ್ಜಿಯನ್ನು ತಿರಸ್ಕರಿಸುವಂತಿಲ್ಲ. 6(3)ನೇ ಪ್ರಕರಣದ ಮೇರೆಗೆ ಐದು ದಿನಗಳೊಳಗೆ ಸಂಬಂಧಪಟ್ಟ ಪ್ರಾಧಿಕಾರಕ್ಕೆ ವರ್ಗಾಯಿಸಬೇಕು. ನಿಲ್ದಾಣದ ಹೊರಗಿನ ಸಾರ್ವಜನಿಕ ರಸ್ತೆ, ಬೀದಿದೀಪಗಳ ವಿಷಯದಲ್ಲಿ ಮಾತ್ರ ಸ್ಥಳೀಯ ಸಂಸ್ಥೆಯನ್ನು ಸಂಪರ್ಕಿಸುವುದು.