ಫೋಟೋಗೆ ಡಿಜಿಟಲ್ ಬ್ಯಾಕ್‌ಗ್ರೌಂಡ್: ಎಲ್ಲಿ ಸಿಗುತ್ತೆ, ಹೇಗೆ ಮಾಡೋದು, ಎಲ್ಲಿ ಹುಷಾರಾಗಿರಬೇಕು?

ಹಾಸನ: ಮೊದಲೆಲ್ಲ ಸ್ಟುಡಿಯೋ ಅಂದ್ರೆ ಗೋಡೆಗೊಂದು ಬಣ್ಣದ ಪರದೆ ಇರಲೇಬೇಕಿತ್ತು. ಅರಮನೆ ಮೆಟ್ಟಿಲು, ತೋಟ, ಸರೋವರ ಬರೆದ ಆ ಪರದೆಗಳು ಈಗ ಮೂಲೆ ಸೇರಿವೆ. ಅವುಗಳ ಜಾಗಕ್ಕೆ ಕಂಪ್ಯೂಟರಿನಲ್ಲಿ ಕೂರಿಸುವ ಡಿಜಿಟಲ್ ಬ್ಯಾಕ್‌ಗ್ರೌಂಡ್ ಬಂದಿದೆ. ಮದುವೆ ಆಲ್ಬಂ, ಮಗುವಿನ ನಾಮಕರಣ, ಸೀಮಂತ, ತೀರಿಹೋದವರ ದೊಡ್ಡ ಫೋಟೋ, ಎಲ್ಲಕ್ಕೂ ಇದು ಬೇಕು. ಆದರೆ ಕಡಿಮೆ ಸೈಜಿನ ಚಿತ್ರ ಹಾಕಿ ಪ್ರಿಂಟ್ ಹಾಳಾಗುವುದು, ಬೇರೆಯವರ ಫೋಟೋ ಕೇಳದೆ ಬಳಸುವುದು, ದಾಖಲೆಗೆ ಕೊಟ್ಟ ಫೋಟೋ ತಿರಸ್ಕಾರವಾಗುವುದು, ಈ ಮೂರೂ ಸ್ಟುಡಿಯೋದವರ ಜೇಬಿಗೇ ಹೊಡೆತ. ಸ್ಟುಡಿಯೋ ನಡೆಸುವವರಿಗೂ ಫೋಟೋ ಮಾಡಿಸುವವರಿಗೂ ಬೇಕಾಗುವ ಮಾಹಿತಿ ಇಲ್ಲಿದೆ.

ಮೊದಲು ಸೈಜ್ ನೋಡಬೇಕು

ಮೊಬೈಲ್ ಸ್ಕ್ರೀನಿನಲ್ಲಿ ಚೆನ್ನಾಗಿ ಕಂಡ ಚಿತ್ರವೆಲ್ಲ ಪ್ರಿಂಟಿಗೆ ಆಗುವುದಿಲ್ಲ. ಒಳ್ಳೆಯ ಪ್ರಿಂಟಿಗೆ ಇಂಚಿಗೆ 300 ಪಿಕ್ಸೆಲ್ ಲೆಕ್ಕ ಹಿಡಿಯುವುದು ರೂಢಿ. ಆ ಲೆಕ್ಕದಲ್ಲಿ ಬ್ಯಾಕ್‌ಗ್ರೌಂಡ್ ಇರಬೇಕಾದ ಅಳತೆ ಹೀಗಿದೆ:

- 4×6 ಇಂಚು: 1200×1800 ಪಿಕ್ಸೆಲ್
- 8×12 ಇಂಚು: 2400×3600 ಪಿಕ್ಸೆಲ್
- 12×18 ಇಂಚು: 3600×5400 ಪಿಕ್ಸೆಲ್
- 12×36 ಇಂಚಿನ ಆಲ್ಬಂ ಶೀಟ್: 3600×10800 ಪಿಕ್ಸೆಲ್

ಗೋಡೆಗೆ ಹಾಕುವ ದೊಡ್ಡ ಫ್ರೇಮನ್ನು ಜನ ಸ್ವಲ್ಪ ದೂರದಿಂದ ನೋಡುತ್ತಾರೆ, ಹಾಗಾಗಿ 200ಕ್ಕೆ ಇಳಿಸಿದರೂ ನಡೆಯುತ್ತೆ. ಬ್ಯಾನರಿಗೆ ಇನ್ನೂ ಕಡಿಮೆ ಸಾಕು. 4×3 ಅಡಿ ಬ್ಯಾನರನ್ನು 72ರ ಲೆಕ್ಕದಲ್ಲಿ ಮಾಡಿದರೆ 3456×2592 ಪಿಕ್ಸೆಲ್ ಆಗುತ್ತದೆ.

ಚಿಕ್ಕ ಚಿತ್ರವನ್ನು ಎಳೆದು ದೊಡ್ಡದು ಮಾಡಿದರೆ ಮುಖ ಚೂಪಾಗಿದ್ದು ಹಿಂದಿನ ಕಂಬ, ಎಲೆ ಎಲ್ಲ ಕಲಸಿದಂತೆ ಕಾಣುತ್ತದೆ. ವಾಟ್ಸಾಪಿನಲ್ಲಿ ಮಾಮೂಲಿ ಫೋಟೋ ಆಗಿ ಬಂದ ಫೈಲ್ ಕೂಡ ಕುಗ್ಗಿರುತ್ತದೆ. ಗ್ರಾಹಕರಿಗೆ ‘ಡಾಕ್ಯುಮೆಂಟ್ ಆಗಿ ಕಳಿಸಿ’ ಅಂತ ಮೊದಲೇ ಹೇಳಿಬಿಟ್ಟರೆ ಅರ್ಧ ತಲೆನೋವು ಕಮ್ಮಿ.

ಉಚಿತವಾಗಿ ಎಲ್ಲಿ ಸಿಗುತ್ತೆ?

ಅನ್‌ಸ್ಪ್ಲ್ಯಾಶ್, ಪೆಕ್ಸೆಲ್ಸ್, ಪಿಕ್ಸಾಬೇ ಈ ಮೂರು ತಾಣಗಳಲ್ಲಿ ದೊಡ್ಡ ಸೈಜಿನ ಚಿತ್ರಗಳು ಉಚಿತವಾಗಿ ಸಿಗುತ್ತವೆ. ವ್ಯಾಪಾರದ ಕೆಲಸಕ್ಕೂ ಬಳಸಬಹುದು, ಫೋಟೋ ತೆಗೆದವರ ಹೆಸರು ಹಾಕುವುದು ಕಡ್ಡಾಯವಲ್ಲ. ಆದರೆ ಚಿತ್ರವನ್ನು ಇದ್ದ ಹಾಗೇ ಮಾರುವಂತಿಲ್ಲ. ಮದುಮಕ್ಕಳ ಹಿಂದೆ ಕೂರಿಸಿ ಆಲ್ಬಂ ಮಾಡಿಕೊಟ್ಟರೆ ಅಡ್ಡಿಯಿಲ್ಲ. ಅದೇ ಚಿತ್ರಗಳನ್ನು ಪೆನ್‌ಡ್ರೈವಿಗೆ ತುಂಬಿ ‘ಬ್ಯಾಕ್‌ಗ್ರೌಂಡ್ ಕಲೆಕ್ಷನ್’ ಅಂತ ಮಾರಿದರೆ ತಪ್ಪಾಗುತ್ತದೆ.

ವಿಕಿಮೀಡಿಯಾ ಕಾಮನ್ಸ್‌ನಲ್ಲಿ ಬೇಲೂರು, ಹಳೇಬೀಡು, ಶ್ರವಣಬೆಳಗೊಳದ ಫೋಟೋಗಳೂ ಇವೆ. ಅಲ್ಲಿ ಒಂದೊಂದು ಚಿತ್ರಕ್ಕೆ ಒಂದೊಂದು ಷರತ್ತು. ‘ಸಿಸಿ ಬೈ’ ಅಂತಿದ್ದರೆ ತೆಗೆದವರ ಹೆಸರು ಹಾಕಲೇಬೇಕು. ‘ಸಿಸಿ ಬೈ ಎಸ್‌ಎ’ ಅಂತಿದ್ದರೆ ಅದನ್ನು ಬದಲಿಸಿ ಮಾಡಿದ ಚಿತ್ರವನ್ನು ಹಂಚುವಾಗ ಅದೇ ಷರತ್ತಿನಲ್ಲಿ ಹಂಚಬೇಕು. ಮನೆಯವರ ಫೋಟೋಗೆ ಇದು ಒಗ್ಗುವುದು ಕಷ್ಟ. ‘ಸಿಸಿ0’ ಅಂತಿದ್ದರೆ ಹೆಸರಿನ ಕಟ್ಟುಪಾಡೂ ಇಲ್ಲ.

ಗೂಗಲ್ ಇಮೇಜಸ್‌ನಲ್ಲಿ ಕಂಡದ್ದೆಲ್ಲ ಉಚಿತ ಅಲ್ಲ. ಅದು ಬರೀ ಹುಡುಕಿ ತೋರಿಸುತ್ತದೆ, ಹಕ್ಕು ಬೇರೆಯವರದು. ಅಲ್ಲೇ ‘ಟೂಲ್ಸ್’ ಒತ್ತಿ ‘ಯೂಸೇಜ್ ರೈಟ್ಸ್’ನಲ್ಲಿ ಕ್ರಿಯೇಟಿವ್ ಕಾಮನ್ಸ್ ಆರಿಸಿಕೊಂಡರೆ ಬಳಸಬಹುದಾದ ಚಿತ್ರಗಳು ಬರುತ್ತವೆ. ಆಮೇಲೂ ಮೂಲ ತಾಣಕ್ಕೆ ಹೋಗಿ ಷರತ್ತು ಓದುವುದು ಒಳ್ಳೆಯದು.

ಕಾನೂನು ಏನು ಹೇಳುತ್ತೆ?

‘ದೇವಸ್ಥಾನ ಯಾರಪ್ಪನ ಸ್ವತ್ತೂ ಅಲ್ಲ, ಅದರ ಫೋಟೋ ಹಾಕಿದರೆ ಏನಾಗುತ್ತೆ?’ ಅನ್ನೋ ಮಾತುಂಟು. ಶತಮಾನಗಳ ಹಿಂದಿನ ದೇವಸ್ಥಾನಕ್ಕೆ ಕಾಪಿರೈಟ್ ಇಲ್ಲ, ನಿಜ. ಆದರೆ ಅದರ ಫೋಟೋವನ್ನು ಇವತ್ತು ಒಬ್ಬರು ಬೆಳಗ್ಗೆ ಐದಕ್ಕೆ ಎದ್ದು ಹೋಗಿ ತೆಗೆದಿದ್ದರೆ ಆ ಫೋಟೋಗೆ ಕಾಪಿರೈಟ್ ಇದೆ. 1957ರ ಕಾಪಿರೈಟ್ ಕಾಯ್ದೆಯ 63ನೇ ಸೆಕ್ಷನ್ ಪ್ರಕಾರ ಗೊತ್ತಿದ್ದೂ ಹಕ್ಕು ಉಲ್ಲಂಘಿಸಿದರೆ 6 ತಿಂಗಳಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ ಆಗಬಹುದು.

ಹೆಚ್ಚಿನವರಿಗೆ ಗೊತ್ತಿಲ್ಲದ ಇನ್ನೊಂದು ವಿಷಯ ಅದೇ ಕಾಯ್ದೆಯ 17ನೇ ಸೆಕ್ಷನ್‌ನಲ್ಲಿದೆ. ದುಡ್ಡು ಕೊಟ್ಟು ತೆಗೆಸಿದ ಫೋಟೋದ ಮೊದಲ ಹಕ್ಕುದಾರರು ತೆಗೆಸಿಕೊಂಡವರೇ, ಬೇರೆ ಒಪ್ಪಂದ ಇಲ್ಲದಿದ್ದರೆ. ಅಂದರೆ ಗ್ರಾಹಕರ ಮದುವೆ ಫೋಟೋಗೆ ಹೊಸ ಬ್ಯಾಕ್‌ಗ್ರೌಂಡ್ ಹಾಕಿ ಅಂಗಡಿ ಬೋರ್ಡಿಗೋ ಇನ್‌ಸ್ಟಾಗ್ರಾಮಿಗೋ ಹಾಕುವ ಮೊದಲು ಅವರನ್ನು ಕೇಳಲೇಬೇಕು. ಆರ್ಡರ್ ಬರೆದುಕೊಳ್ಳುವ ರಸೀದಿಯಲ್ಲೇ ‘ಜಾಹೀರಾತಿಗೆ ಬಳಸಲು ಒಪ್ಪಿಗೆ ಇದೆ / ಇಲ್ಲ’ ಅಂತ ಒಂದು ಸಾಲು ಅಚ್ಚು ಹಾಕಿಸಿ ಸಹಿ ತಗೊಂಡರೆ ಮುಂದೆ ಜಗಳ ಬರುವುದಿಲ್ಲ.

ಸ್ವಂತ ಬ್ಯಾಕ್‌ಗ್ರೌಂಡ್: ಊರಿನಲ್ಲೇ ಇದೆ ಸಾಮಗ್ರಿ

ತಾನೇ ತೆಗೆದ ಬ್ಯಾಕ್‌ಗ್ರೌಂಡಿಗೆ ಯಾರ ಹಂಗೂ ಇಲ್ಲ. ಹಾಸನ ಜಿಲ್ಲೆಯವರಿಗಂತೂ ಜಾಗಕ್ಕೆ ಬರವಿಲ್ಲ. ಹೇಮಾವತಿ ಹಿನ್ನೀರಿನ ಶೆಟ್ಟಿಹಳ್ಳಿ ಚರ್ಚ್ ಮಳೆಗಾಲದಲ್ಲಿ ಅರ್ಧ ಮುಳುಗಿರುತ್ತದೆ, ಬೇಸಿಗೆಯಲ್ಲಿ ಹತ್ತಿರಕ್ಕೇ ಹೋಗಬಹುದು. ಸಕಲೇಶಪುರದ ಕಡೆ ಬೇಸಿಗೆಯ ಮೊದಲ ಮಳೆ ಬಿದ್ದ ಮೇಲೆ ಕಾಫಿ ಗಿಡ ಬಿಳಿ ಹೂ ಬಿಡುವುದು ಕೆಲವೇ ದಿನ. ಇಂಥವನ್ನು ಸಮಯ ನೋಡಿ ತೆಗೆದಿಟ್ಟುಕೊಂಡರೆ ಮೇ ತಿಂಗಳ ಮದುವೆಗೂ ನೀರಿನ ಮಧ್ಯದ ಚರ್ಚ್ ಕೊಡಬಹುದು. ಊರ ಕೆರೆ ಏರಿ, ತೆಂಗಿನ ತೋಟ, ಹಳೇ ತೊಟ್ಟಿಮನೆಯ ಕಂಬದ ಸಾಲು, ಅಜ್ಜಿ ಮನೆಯ ತುಳಸಿಕಟ್ಟೆ ಕೂಡ ಗ್ರಾಹಕರಿಗೆ ಇಷ್ಟವಾಗುವ ಜಾಗಗಳೇ. ಮನೆ, ತೋಟದವರ ಒಪ್ಪಿಗೆ ಮಾತ್ರ ಮೊದಲೇ ಕೇಳಿಕೊಳ್ಳಬೇಕು.

ಬೇಲೂರಿನ ಚೆನ್ನಕೇಶವ, ಹಳೇಬೀಡಿನ ಹೊಯ್ಸಳೇಶ್ವರ ದೇವಸ್ಥಾನಗಳು ಸೋಮನಾಥಪುರದ ಜೊತೆ 2023ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿವೆ. ಇವು ಭಾರತೀಯ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕಗಳು. ಟ್ರೈಪಾಡ್, ಲೈಟ್ ಹಿಡಿದು ಹೋಗುವ ಮೊದಲು ಇಲಾಖೆಯ ಅನುಮತಿ ವಿಚಾರಿಸಿಕೊಳ್ಳಬೇಕು.

ತೆಗೆಯುವಾಗ ಗಮನಿಸಬೇಕಾದ್ದು ಇಷ್ಟು:

1. ಕ್ಯಾಮೆರಾ ಎತ್ತರ. ಸಮತಟ್ಟಾದ ನೆಲದಲ್ಲಿ ನಾಲ್ಕು ಅಡಿ ಎತ್ತರದಿಂದ ತೆಗೆದರೆ ಬಾನಂಚು ನಿಂತ ಮನುಷ್ಯನ ಎದೆಯ ಮಟ್ಟಕ್ಕೆ ಬರುತ್ತದೆ. ಸ್ಟುಡಿಯೋದಲ್ಲೂ ಕ್ಯಾಮೆರಾ ಅದೇ ಎತ್ತರದಲ್ಲಿರಬೇಕು. ಇದು ತಪ್ಪಿದರೆ ಮದುಮಗ ನೆಲ ಬಿಟ್ಟು ತೇಲಿದ ಹಾಗೋ ಗುಂಡಿಯಲ್ಲಿ ನಿಂತ ಹಾಗೋ ಕಾಣುತ್ತಾನೆ.
2. ಬೆಳಕಿನ ದಿಕ್ಕು. ಬ್ಯಾಕ್‌ಗ್ರೌಂಡಿನಲ್ಲಿ ಬಿಸಿಲು ಎಡಗಡೆಯಿಂದ ಬಂದಿದ್ದರೆ ಸ್ಟುಡಿಯೋ ಲೈಟೂ ಎಡಗಡೆಯೇ ಇರಬೇಕು. ಮೋಡ ಕವಿದ ದಿನ ತೆಗೆದದ್ದು ಯಾವ ಕಡೆಯ ಬೆಳಕಿಗೂ ಸುಲಭವಾಗಿ ಹೊಂದುತ್ತದೆ.
3. ಲೆನ್ಸ್. ಬ್ಯಾಕ್‌ಗ್ರೌಂಡಿಗೂ ಗ್ರಾಹಕರಿಗೂ ಹತ್ತಿರಹತ್ತಿರ ಒಂದೇ ಲೆನ್ಸ್ ಅಳತೆ ಬಳಸಬೇಕು.
4. ಅಗಲ. 12×36 ಶೀಟಿಗೆ ಒಂದೇ ಫೋಟೋ ಸಾಲುವುದಿಲ್ಲ. ಕ್ಯಾಮೆರಾ ಉದ್ದುದ್ದ ಹಿಡಿದು, ಒಂದರ ಮೇಲೊಂದು ಸ್ವಲ್ಪ ಹಾಯುವ ಹಾಗೆ ನಾಲ್ಕೈದು ಫೋಟೋ ತೆಗೆದು ಫೋಟೋಶಾಪಿನ ‘ಫೋಟೋಮರ್ಜ್’ನಲ್ಲಿ ಜೋಡಿಸಬಹುದು.
5. ಫೈಲ್ ಹೆಸರು. ‘ಶೆಟ್ಟಿಹಳ್ಳಿ, 4 ಅಡಿ, 50 ಎಂಎಂ, ಎಡ ಬೆಳಕು’ ಅಂತ ಬರೆದಿಟ್ಟರೆ ಸೀಸನ್ ಗಡಿಬಿಡಿಯಲ್ಲಿ ಹುಡುಕಾಟ ತಪ್ಪುತ್ತದೆ.

ಕಟಿಂಗ್ ಮತ್ತು ಮಿಕ್ಸಿಂಗ್

ಹಸಿರು ಬಟ್ಟೆ ಮುಂದೆ ನಿಲ್ಲಿಸಿ ತೆಗೆದರೆ ಕಟಿಂಗ್ ಸಲೀಸು ಅನ್ನಿಸುತ್ತದೆ. ಆದರೆ ರೇಷ್ಮೆ ಸೀರೆ, ಜರಿ ಅಂಚು, ಒಡವೆ ಇವೆಲ್ಲ ಆ ಹಸಿರನ್ನು ಹೀರಿಕೊಂಡು ಹೊಳೆಯುತ್ತವೆ. ಹಸಿರು ಸೀರೆ ಉಟ್ಟಿದ್ದರಂತೂ ಸೀರೆಯೇ ಮಾಯ! ಬಿಳಿ ಬಟ್ಟೆ ಮುಂದೆ ಪಂಚೆ, ಶಲ್ಯ ತೊಟ್ಟ ಮದುಮಗನನ್ನು ನಿಲ್ಲಿಸಿದರೆ ಅಂಚು ಸಿಗುವುದಿಲ್ಲ. ಬೂದು ಬಣ್ಣದ ಬಟ್ಟೆ ಇವೆರಡಕ್ಕೂ ಸರಿಹೋಗುತ್ತದೆ. ಬಟ್ಟೆಯಿಂದ ಐದಾರು ಅಡಿ ಮುಂದೆ ನಿಲ್ಲಿಸಿದರೆ ನೆರಳೂ ಬೀಳುವುದಿಲ್ಲ.

ಫೋಟೋಶಾಪಿನಲ್ಲಿ ‘ಸೆಲೆಕ್ಟ್ ಸಬ್ಜೆಕ್ಟ್’ ಒತ್ತಿ, ಆಮೇಲೆ ‘ಸೆಲೆಕ್ಟ್ ಆ್ಯಂಡ್ ಮಾಸ್ಕ್’ನಲ್ಲಿ ಕೂದಲು, ಮಲ್ಲಿಗೆ ದಂಡೆಯ ಅಂಚು ತಿದ್ದಿಕೊಳ್ಳಬೇಕು. ಫೋಟೋಶಾಪ್ ಕೊಳ್ಳಲು ಆಗದವರಿಗೆ ಗಿಂಪ್ ಉಚಿತ. ಫೋಟೋಪಿಯಾ ಬ್ರೌಸರಿನಲ್ಲೇ ನಡೆಯುತ್ತದೆ, ಪಿಎಸ್‌ಡಿ ಫೈಲನ್ನೂ ತೆರೆಯುತ್ತದೆ. ರಿಮೂವ್ ಬಿಜಿಯಂಥ ತಾಣಗಳು ಚಿಟಿಕೆ ಹೊಡೆಯೋದರೊಳಗೆ ಕತ್ತರಿಸಿ ಕೊಡುತ್ತವೆ. ಆದರೆ ಉಚಿತವಾಗಿ ಕೊಡುವ ಫೈಲ್ ಚಿಕ್ಕದು, ಪ್ರಿಂಟಿಗೆ ಸಾಲದು.

ಕೂರಿಸಿದ ಮೇಲೆ ಮೂರು ಕೆಲಸ ಬಿಡಬಾರದು. ಕಾಲಿನ ಬುಡದಲ್ಲಿ ಹೊಸ ಲೇಯರ್ ಹಾಕಿ ‘ಮಲ್ಟಿಪ್ಲೈ’ನಲ್ಲಿ ಮೆತ್ತಗಿನ ನೆರಳು ಕೊಡಬೇಕು. ಒಳಾಂಗಣದ ಹಳದಿ ಬೆಳಕಿನ ಮುಖ, ಹೊರಗಿನ ನೀಲಿ ಬೆಳಕಿನ ಹಿನ್ನೆಲೆ ಬೇರೆಬೇರೆ ಕಾಣದ ಹಾಗೆ ಬಣ್ಣ ಹೊಂದಿಸಬೇಕು. ಹಿನ್ನೆಲೆಯನ್ನು ದೂರ ಹೋದಷ್ಟೂ ಜಾಸ್ತಿ ಮಸುಕು ಮಾಡಬೇಕು. ಪಾದದ ಹತ್ತಿರದ ನೆಲ ಮಾತ್ರ ಚೂಪಾಗಿಯೇ ಇರಬೇಕು.

ಎಐನಲ್ಲಿ ಮಾಡಿದ ಬ್ಯಾಕ್‌ಗ್ರೌಂಡ್ ಹೂವು, ಮೋಡ, ಮಸುಕು ಬೆಳಕಿಗೆ ಪರವಾಗಿಲ್ಲ. ಗೊತ್ತಿರುವ ಜಾಗಕ್ಕೆ ಬೇಡ. ನಕ್ಷತ್ರಾಕಾರದ ಜಗಲಿ, ಕಂಬದ ಕಡೆತ ಇವನ್ನೆಲ್ಲ ಎಐ ತನಗೆ ತೋಚಿದಂತೆ ಬರೆದುಬಿಡಬಹುದು. ಬೇಲೂರಿನವರಿಗೆ ಅದು ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಸೈಜನ್ನೂ ಮರೆಯದೆ ನೋಡಬೇಕು.

ದಾಖಲೆ ಫೋಟೋಗೆ ಬೇರೆ ನಿಯಮ

ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ದೊಡ್ಡವರ ಫೋಟೋ ಅಲ್ಲೇ ತೆಗೆಯುತ್ತಾರೆ. 4 ವರ್ಷದೊಳಗಿನ ಮಕ್ಕಳಿಗೆ ಬಿಳಿ ಹಿನ್ನೆಲೆಯ 4.5×3.5 ಸೆಂ.ಮೀ. ಫೋಟೋ ಒಯ್ಯಬೇಕು. ಪ್ಯಾನ್ ಅರ್ಜಿಗೆ 3.5×2.5 ಸೆಂ.ಮೀ. ಅಮೆರಿಕ ವೀಸಾಕ್ಕೆ 2×2 ಇಂಚು, ಬಿಳಿ ಅಥವಾ ಬಿಳಿಗೆ ಹತ್ತಿರದ ಹಿನ್ನೆಲೆ. ಫೋಟೋವನ್ನು ಡಿಜಿಟಲ್ ಆಗಿ ತಿದ್ದಬಾರದು ಅಂತ ಅವರ ನಿಯಮವೇ ಹೇಳುತ್ತದೆ. ಇಂಥ ಕಡೆ ಕತ್ತರಿಸಿ ಬಿಳಿ ಹಾಕುವುದಕ್ಕಿಂತ ನಿಜವಾದ ಬಿಳಿ ಬಟ್ಟೆ ಮುಂದೆ, ಬಟ್ಟೆಗೂ ಬೇರೆ ಲೈಟ್ ಹಾಕಿ ತೆಗೆಯುವುದೇ ಸರಿ.

ತೀರಿಹೋದವರ ಫೋಟೋ

ಗ್ರೂಪ್ ಫೋಟೋದಿಂದ ಅಪ್ಪನದೋ ಅಜ್ಜಿಯದೋ ಮುಖ ತೆಗೆದು ದೊಡ್ಡದು ಮಾಡಿಕೊಡಿ ಅಂತ ಬರುವವರಿಗೆ ಸಾಮಾನ್ಯವಾಗಿ ಬೇರೆ ಫೋಟೋ ಇರುವುದಿಲ್ಲ. ಹಳೇ ಪ್ರಿಂಟ್ ತಂದರೆ ಅದರ ಮೊಬೈಲ್ ಫೋಟೋ ತೆಗೆಯುವ ಬದಲು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಬೇಕು. ಹಿನ್ನೆಲೆ ಸರಳವಾದ ಬೂದು ಅಥವಾ ತಿಳಿನೀಲಿ ಇದ್ದರೆ ಚೆಂದ. ಮುಖ ಚೂಪು ಮಾಡುವ ಎಐ ಆ್ಯಪ್‌ಗಳು ಮಚ್ಚೆ ಅಳಿಸುತ್ತವೆ, ಹಲ್ಲು ಜೋಡಿಸುತ್ತವೆ, ಕಣ್ಣಿನ ಆಕಾರವನ್ನೇ ಬದಲಿಸುತ್ತವೆ. ಮನೆಯವರಿಗೆ ಬೇಕಾದದ್ದು ಅದೇ ಮುಖ, ಅಂದವಾದ ಬೇರೆ ಮುಖವಲ್ಲ. ಸ್ವಲ್ಪ ಮಸುಕಿದ್ದರೂ ಗುರುತು ಉಳಿಸಿಕೊಂಡು, ಪ್ರಿಂಟಿನ ಸೈಜ್ ಚಿಕ್ಕದು ಮಾಡಿಕೊಡುವುದು ಮೇಲು.

ಪ್ರಿಂಟಿಗೆ ಕಳಿಸುವ ಮುನ್ನ

- ಫೈಲ್ ಅಳತೆ ಪ್ರಿಂಟ್ ಸೈಜಿಗೆ ಸರಿ ಇದೆಯೇ?
- ಬ್ಯಾಕ್‌ಗ್ರೌಂಡ್ ಎಲ್ಲಿಂದ ಬಂದದ್ದು, ಷರತ್ತೇನು ಅಂತ ಬರೆದಿಟ್ಟಿದೆಯೇ?
- ಬೆಳಕು, ನೆರಳು, ಬಾನಂಚು ಒಂದಕ್ಕೊಂದು ಹೊಂದುತ್ತವೆಯೇ?
- 100 ಪರ್ಸೆಂಟ್ ಜೂಮ್ ಮಾಡಿ ಕೂದಲು, ಬೆರಳು, ಸೆರಗಿನ ಅಂಚು ನೋಡಿ ಆಯಿತೇ?
- ಲ್ಯಾಬಿನವರು ಕೇಳುವ ಕಲರ್ ಪ್ರೊಫೈಲ್ ಹಾಕಿದೆಯೇ?
- ಗ್ರಾಹಕರು ನೋಡಿ ಒಪ್ಪಿದ್ದಾರೆಯೇ? ದೊಡ್ಡ ಸೈಜ್ ಆದರೆ ಮೊದಲು 4×6ರಲ್ಲಿ ಒಂದು ಮಾದರಿ ಪ್ರಿಂಟ್ ತೆಗೆದು ತೋರಿಸಿದರೆ ಮರುಪ್ರಿಂಟಿನ ಖರ್ಚು ಉಳಿಯುತ್ತದೆ.